ಇಟ್ಟಿಗೆ ಗುಂಡಿಯ ಮೀನುಗಳು

ಮೀನು ಸಾಕುವ ಯೋಚನೆ ಮೊದಲು ಹೊಳೆದದ್ದು ಗಡಿಯಾರ ರಿಪೇರಿಯವನಿಗಲ್ಲ, ಅವನ ಹೆಂಡತಿಯ ತಮ್ಮನಿಗೆ. ಐಸ್ ಲಾರಿ ಓಡಿಸುವ ಈ ಭಾವಮೈದ ವಾರದಲ್ಲಿ ನಾಲ್ಕು ದಿನ ಮೀನಿನ ಪೆಟ್ಟಿಗೆಗಳ ಜೊತೆಯಲ್ಲೇ ಕಳೆಯುತ್ತಿದ್ದುದರಿಂದ ಮೀನಿನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ನಂಬಿದ್ದ. ಅವನು ಅಷ್ಟು ವರ್ಷ ನೋಡಿದ್ದೆಲ್ಲ ಸತ್ತ ಮೀನು ಎಂಬ ಸಣ್ಣ ಸಂಗತಿ ಆಗ ಯಾರ ತಲೆಗೂ ಹೊಳೆಯಲಿಲ್ಲ.

"ಭಾವ, ಮನೆ ಹಿಂದೆ ಎರಡು ಗುಂಡಿ ಸುಮ್ನೆ ಬಿದ್ದಿವೆ. ನೀರಿದೆ. ಮರಿ ಬಿಟ್ರೆ ಆಯ್ತು, ಅವುಗಳ ಪಾಡಿಗೆ ಅವು ಬೆಳ್ಕೊಳ್ತವೆ. ನೀವು ಎಂಟು ತಿಂಗಳು ಬಿಟ್ಟು ಹೋಗಿ ಹಿಡ್ಕೊಂಡು ಬಂದ್ರೆ ಸಾಕು" ಎಂದು ಅವನು ಊಟಕ್ಕೆ ಕೂತಾಗ ಹೇಳಿದ್ದ.

ಗುಂಡಿಗಳು ನಿಜಕ್ಕೂ ಇದ್ದವು. ಹಳೆಯ ಇಟ್ಟಿಗೆ ಭಟ್ಟಿಯವರು ಮಣ್ಣು ತೆಗೆದು ತೆಗೆದು ಬಿಟ್ಟುಹೋದ ಎರಡು ಹೊಂಡಗಳು, ಒಂದು ಚಿಕ್ಕದು, ಒಂದು ದೊಡ್ಡದು. ಗಡಿಯಾರದವನ ಮನೆಯ ಹಿತ್ತಲಿನ ತಂತಿ ಬೇಲಿ ದಾಟಿದರೆ ನೂರು ಹೆಜ್ಜೆ. ಅವನ ಅಂಗಡಿಗೆ ಬರುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಬಂದವರೂ ಸೆಲ್ ಬದಲಾಯಿಸಿಕೊಂಡು ಹೋಗುತ್ತಿದ್ದರು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ಸ್ಕ್ರೂ ಬಿಗಿಯುವ ಕೆಲಸ ಈಗ ತಿಂಗಳಿಗೆ ಒಂದೆರಡು ಸಿಕ್ಕರೆ ಹೆಚ್ಚು. ಹಾಗಾಗಿ ಭಾವಮೈದನ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ತಲೆಯಲ್ಲಿ ಕೂತದ್ದು ಏಳಬೇಕಾದರೆ ಅವನಲ್ಲಿ ಬಹಳ ಕಾಲ ಬೇಕು.

ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದವಳು. ಬೆಳಗ್ಗೆ ಒಂಬತ್ತಕ್ಕೆ ಒಳಗೆ ಹೋದರೆ ಸಂಜೆ ಐದರವರೆಗೆ ಹಬೆಯ ನಡುವೆ ಹಾಸಿಗೆಯ ಬಟ್ಟೆ, ಡಾಕ್ಟರ ಕೋಟು. ಅವಳು ಆ ದಿನ ಹೇಳಿದ್ದು ಒಂದೇ ಮಾತು: "ಜೀವ ಇರೋದನ್ನ ಮನೆಗೆ ತಂದ್ರೆ ಅದ್ರ ಚಾಕರಿ ಯಾರಿಗೆ ಬರುತ್ತೆ ಅಂತ ನಂಗೊತ್ತು."

ಮೊದಲ ವರ್ಷದ ಕತೆಯನ್ನು ಚಿಕ್ಕದಾಗಿ ಮುಗಿಸಬಹುದು, ಏಕೆಂದರೆ ಮೀನುಗಳೇ ಅದನ್ನು ಚಿಕ್ಕದಾಗಿ ಮುಗಿಸಿದವು. ಎರಡು ಸಾವಿರ ಮರಿಗಳು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬಂದವು. ಚೀಲವನ್ನು ಅರ್ಧ ಗಂಟೆ ನೀರಿನ ಮೇಲೆ ತೇಲಿಸಿ, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬಂದ ಮೇಲೆ ಬಿಡಬೇಕೆಂದು ಮರಿ ಮಾರುವವನು ಹೇಳಿಯೇ ಇದ್ದ. ಭಾವಮೈದ ಉತ್ಸಾಹದಲ್ಲಿ ಚಾಕು ತೆಗೆದು ಒಂದರ ಹಿಂದೊಂದು ಚೀಲ ಸೀಳಿ ಸುರಿದುಬಿಟ್ಟ. ವಾರದೊಳಗೆ ಮೂರರಲ್ಲಿ ಒಂದು ಪಾಲು ಬೆಳ್ಳಗೆ ತೇಲಿದವು.

"ಸ್ವಲ್ಪ ಸಾಯೋದು ಸಹಜ" ಎಂದ ಮರಿ ಮಾರುವವನು ಫೋನಿನಲ್ಲಿ.

"ಸ್ವಲ್ಪ ಅಂದ್ರೆ ಎಷ್ಟು?" ಎಂದು ಗಡಿಯಾರದವನು ಕೇಳಿದ.

"ಸ್ವಲ್ಪ ಅಂದ್ರೆ ಸ್ವಲ್ಪ ಸ್ವಾಮಿ."

ಈ ಉತ್ತರ ಗಡಿಯಾರದವನನ್ನು ತಿಂಗಳುಗಟ್ಟಲೆ ಕಾಡಿತು. ಗಡಿಯಾರ ನಿಂತರೆ ಅದಕ್ಕೆ ಕಾರಣ ಇರುತ್ತದೆ, ಬಿಚ್ಚಿದರೆ ಕಾರಣ ಕಣ್ಣಿಗೆ ಕಾಣುತ್ತದೆ, ಸರಿಮಾಡಿದರೆ ನಡೆಯುತ್ತದೆ. ಇಲ್ಲಿ ಕಾರಣ ಕೇಳಿದರೆ ಎಲ್ಲರೂ ಆಕಾಶ ತೋರಿಸುತ್ತಾರೆ. ಅವನು ಒಂದು ಪುಸ್ತಕ ತಂದು ಗೆರೆ ಹಾಕಿದ. ನೀರಿನ ಬಿಸಿ, ನೀರಿನ ಬಣ್ಣ, ಹಾಕಿದ ಆಹಾರ, ಸತ್ತ ಮೀನು. ಹನಿ ಹಾಕಿ ನೀರಿನಲ್ಲಿ ಕರಗಿದ ಗಾಳಿ ಅಳೆಯುವ ಬಾಟಲಿಗಳ ಪೆಟ್ಟಿಗೆಯನ್ನೂ ತಂದ.

ಉಳಿದ ಮೀನುಗಳನ್ನು ನೀರುಕಾಗೆಗಳು ಹಂಚಿಕೊಂಡವು. ಅವನು ಹೊಳೆಯುವ ದಾರ ಕಟ್ಟಿದ. ಎರಡು ದಿನ ಹಕ್ಕಿಗಳು ಅನುಮಾನದಿಂದ ನೋಡಿದವು, ಮೂರನೆಯ ದಿನ ಆ ದಾರದ ಮೇಲೆಯೇ ಕೂತು ರೆಕ್ಕೆ ಒಣಗಿಸಿಕೊಂಡವು. ಕಡೆಗೆ ಬಲೆ ಹೊದಿಸಿದ. ಅಷ್ಟರಲ್ಲಿ ಮಳೆ ಜೋರಾಗಿ, ಏಡಿ ಕೊರೆದ ತೂತಿನಿಂದ ದೊಡ್ಡ ಗುಂಡಿಯ ಒಂದು ಮೂಲೆಯ ಬದು ಕುಸಿದು, ಮೀನುಗಳೆಲ್ಲ ರಸ್ತೆ ಬದಿಯ ಚರಂಡಿಗೆ ಇಳಿದವು. ಬೀದಿಯವರು ಬುಟ್ಟಿ, ಬಕೆಟ್ಟು, ಸೊಳ್ಳೆಪರದೆ ಹಿಡಿದು ಇಳಿದರು. ಮೂರನೇ ಮನೆಯ ಗಾರೆ ಮೇಸ್ತ್ರಿ ಸಂಜೆ ಬಾಗಿಲಿಗೆ ಬಂದು, ಒದ್ದೆ ಕಾಗದದಲ್ಲಿ ಸುತ್ತಿದ ಎರಡು ಮೀನು ಕೊಟ್ಟು, "ಚರಂಡೀಲಿ ಸಿಕ್ತು. ನಿಮ್ಗೆ ಮೀನು ಅಂದ್ರೆ ತುಂಬಾ ಆಸಕ್ತಿ ಅಲ್ವಾ, ಅದಕ್ಕೇ ತಂದೆ" ಎಂದ. ಗಡಿಯಾರದವನು ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡು, ಅಡುಗೆಮನೆಗೆ ಹೋಗಿ, ಗೋಡೆಗೆ ಹಣೆ ಒತ್ತಿ ನಿಂತ.

ಎರಡನೆಯ ವರ್ಷದ ತಪ್ಪು ಹೆಂಡತಿಯದು. ಮರಿಗಳನ್ನು ಮೊದಲು ಚಿಕ್ಕ ಗುಂಡಿಯ ಪಕ್ಕದ ಸಿಮೆಂಟ್ ತೊಟ್ಟಿಯಲ್ಲಿ ಬಲಿಸಿ ಆಮೇಲೆ ಗುಂಡಿಗೆ ಬಿಡುವುದೆಂದು ತೀರ್ಮಾನವಾಗಿತ್ತು. ಒಂದು ರಜೆಯ ದಿನ, ಸುಡುಬಿಸಿಲು, ತೊಟ್ಟಿಯ ನೀರು ಇಳಿದಿತ್ತು. ಪಾಪದ ಮರಿಗಳು ಬೇಯುತ್ತವಲ್ಲ ಎಂದು ಅವಳು ಮನೆಯ ನಲ್ಲಿಗೆ ಪೈಪು ಸಿಕ್ಕಿಸಿ ತೊಟ್ಟಿ ತುಂಬಿಸಿದಳು. ನಲ್ಲಿ ನೀರಿನಲ್ಲಿ ಕ್ರಿಮಿ ಕೊಲ್ಲುವ ಔಷಧಿ ಇರುತ್ತದೆಂಬುದು, ಆಸ್ಪತ್ರೆಯಲ್ಲಿ ದಿನವೂ ಅದೇ ವಾಸನೆಯ ನಡುವೆ ದುಡಿಯುವ ಅವಳಿಗೆ, ಆ ಹೊತ್ತಿಗೆ ನೆನಪಾಗಲಿಲ್ಲ. ಒಂದು ಗಂಟೆಯೊಳಗೆ ಸಾವಿರದ ಐನೂರು ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಅವಳು ಜರಡಿಯಲ್ಲಿ ತೆಗೆದು ತೆಗೆದು ಮಣ್ಣು ಮಾಡಿದಳು, ರಾತ್ರಿ ಊಟ ಮಾಡಲಿಲ್ಲ. ಗಂಡ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದರ ಬದಲು ಅಂದಿನಿಂದ ಅವಳು ಮೀನಿನ ಬಗ್ಗೆ ಏನು ಹೇಳಿದರೂ ಒಂದೇ ಪ್ರಶ್ನೆ ಕೇಳತೊಡಗಿದ:

"ಎಷ್ಟು? ಅಂದಾಜಲ್ಲಿ ಹೇಳ್ಬೇಡ. ಅಳತೆ ಎಷ್ಟು?"

ಮೂರನೆಯ ವರ್ಷ, ಹೇಳಿಕೊಂಡರೆ ದೃಷ್ಟಿಯಾದೀತು ಎನ್ನುವಷ್ಟು ಚೆನ್ನಾಗಿ ನಡೆಯಿತು. ಚೀಲಗಳನ್ನು ತೇಲಿಸಿಯೇ ಮರಿ ಬಿಟ್ಟರು. ಬದುವಿಗೆ ಮೇಸ್ತ್ರಿಯಿಂದ ಕಲ್ಲು ಕಟ್ಟಿಸಿದರು. ನೀರನ್ನು ಕಡೆದು ಗಾಳಿ ಸೇರಿಸುವ ಒಂದು ಸಣ್ಣ ಕರೆಂಟ್ ಚಕ್ರವನ್ನೂ ತಂದು ತೇಲಿಬಿಟ್ಟರು. ಮರಿಗಳ ಲೆಕ್ಕದಲ್ಲಿ ಮಾತ್ರ ಭಾವಮೈದನ ಮಾತೇ ಗೆದ್ದಿತ್ತು. ಸಾವಿರ ಸಾಕು ಎಂದ ಗಡಿಯಾರದವನ ಪುಸ್ತಕದ ಲೆಕ್ಕವನ್ನು ಬದಿಗಿಟ್ಟು ಎರಡು ಸಾವಿರ ಬಿಟ್ಟಿದ್ದರು. "ಹೇಗೂ ಅರ್ಧ ಸಾಯ್ತವಲ್ಲ ಭಾವ" ಎನ್ನುವುದು ಅವನ ವಾದ. ಈ ಸಲ ಅವು ಸಾಯಲಿಲ್ಲ. ಏಳು ತಿಂಗಳಿಗೆ ಸಾವಿರದ ಎಂಟುನೂರು ಮೀನುಗಳು, ಒಂದೊಂದೂ ಮುಂಗೈ ಉದ್ದ, ದೊಡ್ಡ ಗುಂಡಿಯಲ್ಲಿ ಬಸ್ಸಿನ ಜನರಂತೆ ಒತ್ತಿಕೊಂಡು ಓಡಾಡುತ್ತಿದ್ದವು.

"ಇನ್ನು ಹಿಡಿಯೋಣ ಕಣೋ" ಎಂದಳು ಅಕ್ಕ ತಮ್ಮನಿಗೆ.

"ಇನ್ನೊಂದು ಹದಿನೈದು ದಿನ ತಡಿ ಅಕ್ಕಾ. ಇನ್ನೂ ತೂಕ ಬರುತ್ತೆ. ನನ್ ಲಾರಿನೂ ಆಗ್ಲೇ ಖಾಲಿ."

ಹಾಗೆ ಕಾಯುತ್ತಿದ್ದಾಗ ಮೋಡ ಕವಿಯಿತು. ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಆಕಾಶಕ್ಕೆ ಒದ್ದೆ ಕಂಬಳಿ ಹೊದಿಸಿದಂತೆ ನಾಲ್ಕು ದಿನ ಅಲುಗಾಡದೆ ನಿಂತಿತು. ಗುಂಡಿಯ ನೀರು ಮೊದಲೇ ಹಸಿರಾಗಿತ್ತು. ಈಗ ಡಬ್ಬಿಯ ಬಣ್ಣದ ಹಾಗೆ ಗಟ್ಟಿಯಾಯಿತು. ಕೈ ಅದ್ದಿದರೆ ಮೊಣಕೈ ಕಾಣುತ್ತಿರಲಿಲ್ಲ.

ಬೆಳಗಿನ ಆಹಾರ ಹಾಕುವುದು ಹೆಂಡತಿಯ ಪಾಳಿ. ಎರಡನೆಯ ದಿನ ಅವಳು ಹೇಳಿದಳು: "ರೀ, ಇವತ್ತು ಅವು ಊಟಕ್ಕೆ ಬರ್ಲಿಲ್ಲ. ಬಂದವೂ ಅರ್ಧ ಬಿಟ್ಟು ಹೋದ್ವು."

"ಅರ್ಧ ಅಂದ್ರೆ ಎಷ್ಟು? ತೂಕ ಮಾಡಿದ್ಯಾ?"

"ನೀರಲ್ಲಿ ಕರಗಿದ್ದನ್ನ ಹೆಂಗ್ರೀ ತೂಕ ಮಾಡ್ಲಿ?"

ಮೂರನೆಯ ದಿನ: "ನೀರು ಒಂಥರಾ ವಾಸನೆ ಬರ್ತಿದೆ. ನೆನೆಸಿಟ್ಟು ಮರ್ತ ಬಟ್ಟೆ ಇರುತ್ತಲ್ಲ, ಹಾಗೆ."

ಅವನು ಪುಸ್ತಕ ತೆರೆದು ತೋರಿಸಿದ. ಗೆರೆಗಳ ನಡುವೆ ಮುತ್ತಿನಂಥ ಅಕ್ಷರ. ನೀರಿನಲ್ಲಿ ಕರಗಿದ ಗಾಳಿ: ಚೆನ್ನಾಗಿದೆ. ನಿನ್ನೆಯೂ ಚೆನ್ನಾಗಿದೆ. ಮೊನ್ನೆ ಇನ್ನೂ ಚೆನ್ನಾಗಿದೆ. "ನೋಡು, ಮೀನಿಗೆ ಬೇಕಾದ್ದಕ್ಕಿಂತ ಜಾಸ್ತೀನೇ ಇದೆ. ನಿನ್ ಮೂಗನ್ನ ನಂಬೋದೋ, ಇದನ್ನ ನಂಬೋದೋ?"

"ಆ ನಲ್ಲಿ ನೀರಿನ ವಿಷ್ಯ ಇನ್ನೂ ಎಷ್ಟು ವರ್ಷ ಎಳೀತೀರಾ?"

"ನಾನೆಲ್ಲಿ ಅದನ್ನ ಹೇಳ್ದೆ?"

"ಹೇಳ್ಬೇಕಾ? ಮುಖದ ಮೇಲೇ ಬರೆದಿದೆ!"

ನಾಲ್ಕನೆಯ ದಿನ ಅವಳು ಆಹಾರದ ಬಕೆಟ್ಟನ್ನು ಹಾಗೆಯೇ ವಾಪಸ್ ತಂದು ಗಂಡನ ಕಾಲ ಬಳಿ ಕುಕ್ಕಿ ಕೆಲಸಕ್ಕೆ ಹೋದಳು. ಅವನು ಅದನ್ನು ತೂಕ ಮಾಡಿ, ಬರೆದುಕೊಂಡು, ಒಂದು ಗಂಟೆಗೆ ಊಟಕ್ಕೆ ಬಂದಾಗ ತಾನೇ ಗುಂಡಿಗೆ ಹಾಕಿದ.

ಐದನೆಯ ಬೆಳಗ್ಗೆ, ಆರಕ್ಕೆ ಇನ್ನೂ ಕಾಲು ಗಂಟೆ ಇತ್ತು. ಅವಳು ಬೇಲಿ ದಾಟಿ ಹೋದಾಗ ಮೊದಲು ಕಿವಿಗೆ ಬಿದ್ದದ್ದು ಸದ್ದಿನ ಕೊರತೆ. ಗಾಳಿ ಚಕ್ರ ನಿಂತಿತ್ತು. ಬೀದಿಯಲ್ಲೇ ಕರೆಂಟ್ ಹೋಗಿತ್ತು; ಎಷ್ಟು ಹೊತ್ತಿಗೆ ಹೋಯಿತೋ, ನಿದ್ದೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಆಮೇಲೆ ಬದುವಿನ ಕಲ್ಲುಗಳ ಮೇಲೆ ಬಸವನಹುಳುಗಳು ಕಂಡವು, ನೀರು ಬಿಟ್ಟು ಮೇಲೆ ಹತ್ತಿ, ಸಾಲು ಸಾಲಾಗಿ. ಆಮೇಲೆ ಅವಳು ನೀರನ್ನು ನೋಡಿದಳು.

ಗುಂಡಿಯ ತುಂಬ ಬಾಯಿಗಳು. ಸಾವಿರ ಬಾಯಿಗಳು ನೀರಿನ ಮೇಲಕ್ಕೆ ಬಂದು ತೆರೆದು ಮುಚ್ಚಿ, ತೆರೆದು ಮುಚ್ಚಿ, ಗಾಳಿಯನ್ನು ಕಚ್ಚುತ್ತಿದ್ದವು. ಪಚಪಚ ಎನ್ನುವ ಸಣ್ಣ ಸದ್ದು ಇಡೀ ಗುಂಡಿಯಿಂದ ಏಳುತ್ತಿತ್ತು.

ಅವಳು ಮನೆಗೆ ಓಡಿಬಂದು ಗಂಡನ ಹೊದಿಕೆ ಕಿತ್ತೆಸೆದಳು. "ಏಳ್ರೀ! ಉಸಿರು ಕಟ್ತಿದೆ ಅವಕ್ಕೆ!"

ಅವನು ಎದ್ದ, ಬರಿಗಾಲಲ್ಲಿ ಓಡಿದ, ನೋಡಿದ, ಮತ್ತೆ ಮನೆಗೆ ಓಡಿದ. ಪಂಪು ತರಲು ಹೋದನೇನೋ ಎಂದುಕೊಂಡಳು. ಅವನು ತಂದದ್ದು ಹನಿ ಬಾಟಲಿಗಳ ಪೆಟ್ಟಿಗೆ. ಬದುವಿನ ಮೇಲೆ ಕೂತು, ಸಣ್ಣ ಗಾಜಿನ ನಳಿಗೆಗೆ ನೀರು ತುಂಬಿ, ಹನಿ ಎಣಿಸತೊಡಗಿದ.

"ಒಂದು... ಎರಡು..."

"ಏನ್ ಮಾಡ್ತಿದೀರಾ?"

"ಎಷ್ಟು ಕಮ್ಮಿ ಆಗಿದೆ ಅಂತ ನೋಡ್ದೆ ಏನ್ ಮಾಡ್ಬೇಕು ಅಂತ ಹೆಂಗ್ ಗೊತ್ತಾಗುತ್ತೆ? ಮೂರು..."

ಅವಳು ನಳಿಗೆಯನ್ನು ಕಿತ್ತುಕೊಂಡು ನೀರಿಗೆ ಎಸೆದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಯ ವಸ್ತುವನ್ನು ಅವಳು ಎಸೆದದ್ದು ಅದೇ ಮೊದಲು. ಅವನು ಬೆಪ್ಪಾಗಿ ಬರಿಗೈ ನೋಡಿಕೊಂಡ.

"ಮೇಸ್ತ್ರಿ ಹತ್ರ ಡೀಸೆಲ್ ಪಂಪಿದೆ. ಹೋಗಿ!"

ಅವನು ಹೋದ. ಅವಳು ತಮ್ಮನಿಗೆ ಫೋನು ಹಚ್ಚಿದಳು. ಲಾರಿ ಇನ್ನೂರು ಕಿಲೋಮೀಟರ್ ಆಚೆ ಯಾವುದೋ ಪೆಟ್ರೋಲ್ ಬಂಕಿನಲ್ಲಿತ್ತು.

"ಗಾಬರಿ ಆಗ್ಬೇಡ ಅಕ್ಕಾ. ಮೀನು ಮೇಲೆ ಬಂದ್ವು ಅಂದ್ರೆ ಹಸಿವು ಅಂತ ಅರ್ಥ. ಸ್ವಲ್ಪ ಊಟ ಹಾಕಿ ನೋಡು."

"ನೀನು ಇಲ್ಲಿದ್ದಿದ್ರೆ ನಿನ್ನನ್ನೇ ಹಾಕ್ತಿದ್ದೆ" ಎಂದು ಅವಳು ಫೋನ್ ಇಟ್ಟಳು.

ಮೇಸ್ತ್ರಿಯ ಪಂಪು ಅವನ ಮನೆಯ ಜಗಲಿಯ ಕಂಬಕ್ಕೆ ಸರಪಳಿಯಿಂದ ಬೀಗ ಹಾಕಿಕೊಂಡಿತ್ತು. ಬೀಗದ ಕೈ ನಿನ್ನೆ ಹಾಕಿದ್ದ ಪ್ಯಾಂಟಿನಲ್ಲಿತ್ತು, ಪ್ಯಾಂಟು ನೆನೆಯಲು ಹಾಕಿದ ಬಟ್ಟೆಯಲ್ಲಿತ್ತು. ಅದೆಲ್ಲ ಆಗಿ, ಗಂಡ ಮತ್ತು ಮೇಸ್ತ್ರಿ ಪಂಪನ್ನು ಆಸ್ಪತ್ರೆಯ ರೋಗಿಯಂತೆ ಎರಡೂ ಕಡೆ ಹಿಡಿದು ಏದುಸಿರು ಬಿಡುತ್ತ ಬಂದಾಗ ಆರೂಕಾಲು. ದೊಡ್ಡ ಮೀನುಗಳು ಆಗಲೇ ಪಕ್ಕಕ್ಕೆ ವಾಲತೊಡಗಿದ್ದವು. ಯಾವಾಗಲೂ ದೊಡ್ಡವೇ ಮೊದಲು.

ಆದರೆ ಇಲ್ಲಿ ಗಡಿಯಾರದವನಿಗೆ ನ್ಯಾಯ ಒದಗಿಸಬೇಕು. ಮೇಸ್ತ್ರಿ ಪೈಪನ್ನು ಅದೇ ಗುಂಡಿಗೆ ಇಳಿಸಲು ಹೊರಟಾಗ ಅವನು ತಡೆದ. "ಈ ನೀರನ್ನೇ ತಿರುಗಿಸಿದ್ರೆ ಏನ್ ಬಂತು? ಚಿಕ್ಕ ಗುಂಡೀಲಿ ಎರಡು ತಿಂಗಳಿಂದ ಮೀನಿಲ್ಲ, ನೀರು ತಿಳಿಯಾಗಿದೆ. ಅಲ್ಲಿಂದ ಎಳೀರಿ." ಆಮೇಲೆ ಪೈಪಿನ ತುದಿಗೆ ಒಂದು ತಗಡಿನ ಕೊಳವೆ ಸಿಕ್ಕಿಸಿ, ಅದರ ಬಾಯಿಯನ್ನು ಸುತ್ತಿಗೆಯಿಂದ ಹೊಡೆದು ಚಪ್ಪಟೆ ಮಾಡಿದ. ಗಡಿಯಾರದ ಮುಳ್ಳು ನೇರ ಮಾಡುವವನ ಕೈ ಅದು, ನಾಲ್ಕೇ ಏಟು. ಪಂಪು ಕೆಮ್ಮಿ ಹೊತ್ತಿಕೊಂಡಿತು, ನೀರು ಬೀಸಣಿಗೆಯಂತೆ ಹರಡಿ ಚಿಮ್ಮಿತು. ನೀರು ಬೀಳುವಲ್ಲಿಗೆ ಮೀನುಗಳು ನುಗ್ಗಿದವು.

ಒಂದು ಮೂಲೆ ಉಸಿರಾಡಿತು. ಉಳಿದ ಮೂರು ಮೂಲೆಗಳಲ್ಲಿ ಬಾಯಿಗಳು ಹಾಗೆಯೇ ಇದ್ದವು.

"ಅರ್ಧ ಮೀನು ಹೊರಗೆ ತೆಗೀಬೇಕು. ಈಗ್ಲೇ" ಎಂದಳು ಹೆಂಡತಿ.

"ಹುಚ್ಚಾ? ಬಲೆ ಎಳೆದ್ರೆ ತಳದ ಕೆಸರು ಏಳುತ್ತೆ. ಇರೋ ಗಾಳಿನೂ ಹೋಗಿ ಎಲ್ಲಾ ಒಟ್ಟಿಗೆ ಸಾಯ್ತವೆ. ಅದೂ ಅಲ್ದೆ ಹಿಡಿದು ಎಲ್ಲಿ ಇಡ್ತೀಯ? ಚಿಕ್ಕ ಗುಂಡಿ ನೀರನ್ನ ಪಂಪು ಎಳೀತಿದೆ. ಲಾರಿ ಬರೋದು ಇನ್ನೂ ಹತ್ತು ದಿನಕ್ಕೆ."

"ಹತ್ತು ದಿನಕ್ಕೆ ಲಾರಿಗೆ ಏನ್ ತುಂಬಿಸ್ತೀರಾ, ಎಲುಬಾ?"

ಈ ಜಗಳ ಜೋರಾಗಿ ನಡೆಯುತ್ತಿದ್ದಾಗ ಬೇಲಿಯ ಬಳಿ ಯಾರೋ ಕೆಮ್ಮಿದರು. ತೋಳಿನಲ್ಲಿ ಫೈಲು, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕಾಲಲ್ಲಿ ಹೊಸ ಬಿಳಿ ಬೂಟು. ಸರ್ವೆಯವಳು ಬಂದಿದ್ದಳು; ಅಂಗಡಿ ತೆರೆಯುವ ಮುಂಚೆ ಸಿಗುತ್ತೇನೆಂದು ಗಡಿಯಾರದವನೇ ವಾರದ ಹಿಂದೆ ಅವಳಿಗೆ ಹೇಳಿದ್ದ. ಸಣ್ಣ ಮೀನು ಸಾಕಣೆಯಲ್ಲಿ ನಷ್ಟ ಯಾಕಾಗುತ್ತದೆಂದು ಮನೆ ಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು ಅವಳ ಕೆಲಸ.

"ಏಳು ಗಂಟೆ ಅಂದಿದ್ರಿ..." ಎಂದಳು ಅವಳು. ಅವಳ ಕಣ್ಣು ಫೈಲಿನ ಮೇಲಿತ್ತು. "ನಲವತ್ತು ಪ್ರಶ್ನೆ ಅಷ್ಟೇ. ಮೊದಲನೇದು, ನಿಮ್ಮ ಉತ್ಪಾದನೆಗೆ ಅತಿ ದೊಡ್ಡ ಅಪಾಯ ಯಾವುದು? ರೋಗ, ನೀರು, ಹಕ್ಕಿ, ಕಳ್ಳತನ, ಇತರೆ."

"ಇತರೆ" ಎಂದಳು ಹೆಂಡತಿ. "ಅಲ್ಲಿ ಗಂಡ ಅಂತ ಬರ್ಕೊಳ್ಳಿ."

ಸರ್ವೆಯವಳು ನಗಲು ಹೊರಟು, ತಲೆ ಎತ್ತಿ, ನೀರನ್ನು ಕಂಡು ನಿಲ್ಲಿಸಿದಳು. "ಅಯ್ಯೋ. ಇವು ಎಷ್ಟು ದಿನದಿಂದ ಹೀಗೆ ಬೆಳಗ್ಗೆ ಮೇಲೆ ಬರ್ತಿವೆ?"

"ಬಂದೇ ಇಲ್ಲ" ಎಂದ ಗಡಿಯಾರದವನು. "ನಾನು ದಿನಾ ಅಳೀತೀನಿ. ಪುಸ್ತಕ ಇದೆ. ಒಂದು ದಿನಾನೂ ಗಾಳಿ ಕಮ್ಮಿ ಆಗಿಲ್ಲ."

"ಎಷ್ಟು ಗಂಟೆಗೆ ಅಳೀತೀರಿ ಸರ್?"

"ಮಧ್ಯಾಹ್ನ ಒಂದಕ್ಕೆ. ಒಂದು ನಿಮಿಷ ಆಚೆ ಇಲ್ಲ, ಈಚೆ ಇಲ್ಲ."

"ಬೆಳಗ್ಗೆ?"

"ಬೆಳಗ್ಗೆ ಯಾಕೆ? ದಿನಾ ಒಂದೇ ಹೊತ್ತಿಗೆ ಅಳೆದ್ರೆ ತಾನೇ ಹೋಲಿಸೋಕೆ ಆಗೋದು?"

ಸರ್ವೆಯವಳು ತುಟಿ ಕಚ್ಚಿಕೊಂಡಳು. ದೊಡ್ಡವರಿಗೆ ಹೇಗೆ ಹೇಳುವುದೆಂಬ ಸಂಕೋಚ. "ಸರ್, ಈ ಹಸಿರು ಇದೆಯಲ್ಲ, ಪಾಚಿ, ಅದು ಹಗಲಲ್ಲಿ ಬೆಳಕು ಕುಡಿದು ನೀರಿಗೆ ಗಾಳಿ ಬಿಡುತ್ತೆ. ಕತ್ತಲಾದ ಮೇಲೆ ಅದೂ ಮೀನಿನ ಥರಾನೇ ಗಾಳಿ ಎಳ್ಕೊಳ್ಳುತ್ತೆ. ಮಧ್ಯಾಹ್ನ ನೋಡಿದ್ರೆ ಯಾವಾಗ್ಲೂ ಚೆನ್ನಾಗೇ ಕಾಣುತ್ತೆ. ಕೆಡೋದು ಬೆಳಗಿನ ಜಾವ. ಮೋಡ ಇದ್ರಂತೂ..."

ಮೇಸ್ತ್ರಿ ಬೇರೆ ಕಡೆ ನೋಡಿದ. ಹೆಂಡತಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಊರಿಗೆಲ್ಲ ಗಂಟೆ ಸರಿಮಾಡಿಕೊಡುವ ಮನುಷ್ಯ ಏಳು ತಿಂಗಳು, ದಿನ ತಪ್ಪದೆ, ತಪ್ಪು ಗಂಟೆಗೆ ಅಳೆದಿದ್ದ. ಬಾಯಿ ತೆರೆದರೆ ಏನು ಬರುತ್ತದೋ ಎಂಬ ಹೆದರಿಕೆಯಿಂದ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗಡಿಯಾರದವನು ಬದುವಿನ ಕಲ್ಲಿನ ಮೇಲೆ ಕೂತ. ತಲೆ ಎತ್ತಿ ಹೆಂಡತಿಯನ್ನು ಕೇಳಿದ: "ಬಲೆ ಎಳೀದೆ ಹೆಂಗ್ ತೆಗೀತೀಯ?"

"ಎಳೆಯೋದು ಯಾಕೆ? ಅವೇ ಮೇಲೆ ಬಂದಿವೆಯಲ್ಲ. ಸೌಟಲ್ಲಿ ಕೆನೆ ತೆಗೆದ ಹಾಗೆ ಮೇಲಿಂದ್ಲೇ ತೆಗೀಬೇಕು. ಯಾರೂ ತಳಕ್ಕೆ ಕಾಲು ಊರ್ಬಾರ್ದು. ಅಂಚಲ್ಲೇ ನಿಂತು ತೆಗೆಯೋದು."

"ಸರಿ" ಎಂದ ಅವನು. ಮದುವೆಯಾದಂದಿನಿಂದ ಅಷ್ಟು ಚಿಕ್ಕ ಮಾತು ಅವನ ಬಾಯಿಂದ ಬಂದಿರಲಿಲ್ಲ.

ಅವಳು ಬೀದಿಗೆ ಓಡಿದಳು. ಮನೆ ಮನೆ ಬಾಗಿಲು ಬಡಿದು, "ಮೀನು ಬೇಕಾದ್ರೆ ಬುಟ್ಟಿ ತಗೊಂಡು ಬನ್ನಿ, ಈಗ್ಲೇ, ಹಲ್ಲುಜ್ಜೋದು ಆಮೇಲೆ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಚರಂಡಿಯ ವರ್ಷದಲ್ಲಿ ತರಬೇತಿಯಾಗಿದ್ದ ಜನ. ಐದೇ ನಿಮಿಷದಲ್ಲಿ ಹದಿನೈದು ಮಂದಿ ಬಂದರು. ಜರಡಿ, ಮೊರ, ಸೊಳ್ಳೆಪರದೆ, ಒಬ್ಬಳು ಮಗುವಿನ ತೊಟ್ಟಿಲಿನ ಬಲೆಯನ್ನೇ ತಂದಿದ್ದಳು. ಹೆಂಡತಿ ಆಸ್ಪತ್ರೆಯ ಕ್ಯಾಂಟೀನಿನ ಅಡುಗೆಯವನಿಗೆ ಫೋನು ಮಾಡಿದಳು. "ಎಂಟರೊಳಗೆ ಜೀವಂತ ತಲುಪಿಸಿದ್ರೆ ಮುನ್ನೂರು ಮೀನು ತಗೋತೀನಿ. ಸತ್ತಿದ್ದು ತಂದ್ರೆ ನಿನ್ ಮುಖಕ್ಕೇ ಎಸೀತೀನಿ" ಎಂದು ಅವನು ತನ್ನ ಮೂರುಗಾಲಿ ವ್ಯಾನು ಕಳಿಸಿದ.

ಗಡಿಯಾರದವನು ಅಂಚಿನಲ್ಲಿ ಮೊಣಕಾಲೂರಿ, ಎಡಗೈಯಲ್ಲಿ ಬೇಲಿಯ ತಂತಿ ಹಿಡಿದು, ಬಲಗೈಯಲ್ಲಿ ಕೈಬಲೆ ಆಡಿಸುತ್ತಿದ್ದ. ಸರ್ವೆಯವಳು ಫೈಲನ್ನು ಬೇಲಿಗೆ ಸಿಕ್ಕಿಸಿ, ಬಿಳಿ ಬೂಟು ಕಳಚಿ, ಬಕೆಟ್ಟು ಸಾಗಿಸುವ ಸಾಲಿನಲ್ಲಿ ನಿಂತಳು. ಯಾರೋ ಬುದ್ಧಿವಂತ ನೀರಿಗಿಳಿಯಲು ಹೊರಟ. ಹೆಂಡತಿ ಅವನ ಕಾಲರ್ ಹಿಡಿದು ಎಳೆದಳು. "ಕೆಸರು ಏಳುತ್ತೆ ಅಂತ ಎಷ್ಟು ಸಲ ಹೇಳ್ಲಿ! ನಿಮ್ಮನೆ ಸ್ವಿಮ್ಮಿಂಗ್ ಪೂಲಾ ಇದು?"

ಏಳೂವರೆಗೆ ಪಂಪು ಡೀಸೆಲ್ ಮುಗಿದು ನಿಂತಿತು. ಮೇಸ್ತ್ರಿ ಡೀಸೆಲ್ ತರಲು ಹೋದ ಇಪ್ಪತ್ತು ನಿಮಿಷ ಎಲ್ಲರೂ ಬಕೆಟ್ಟಿನಲ್ಲಿ ಚಿಕ್ಕ ಗುಂಡಿಯ ನೀರು ತುಂಬಿ, ಎತ್ತರದಿಂದ ದೊಡ್ಡ ಗುಂಡಿಗೆ ಸುರಿದರು. ಆ ಇಪ್ಪತ್ತು ನಿಮಿಷದಲ್ಲೇ ಹೆಚ್ಚು ಮೀನು ಸತ್ತವು. ಪಕ್ಕಕ್ಕೆ ವಾಲಿದ್ದವು ಹೊಟ್ಟೆ ಮೇಲೆ ಮಾಡಿದವು. ಗಡಿಯಾರದವನು ಅವುಗಳನ್ನು ನೋಡದೆ ಬಕೆಟ್ಟು ಸುರಿಯುತ್ತಲೇ ಇದ್ದ. ಅವನು ಸುರಿಯುವ ಎತ್ತರ ಸಲ ಸಲಕ್ಕೆ ಇಳಿಯುತ್ತಿದ್ದುದನ್ನು ಹೆಂಡತಿ ಕಂಡಳು. ಅವನ ಕೈಯ ಬಕೆಟ್ಟು ಕಿತ್ತುಕೊಂಡು ಚಿಕ್ಕ ಬಕೆಟ್ಟು ಕೊಟ್ಟಳು.

ಎಂಟೂಮುಕ್ಕಾಲಿಗೆ ಮೋಡ ಒಂದು ಕಡೆ ಹರಿದು ಬಿಸಿಲು ಬಿತ್ತು. ಒಂಬತ್ತೂವರೆಯ ಹೊತ್ತಿಗೆ ಬಾಯಿಗಳು ಒಂದೊಂದಾಗಿ ಕೆಳಗಿಳಿದವು. ಕಡೆಗೆ ನೀರಿನ ಮೇಲೆ ಸತ್ತವು ಮಾತ್ರ ಉಳಿದವು. ಗಡಿಯಾರದವನು ಎಣಿಸಿದ: ಮುನ್ನೂರ ನಲವತ್ತೊಂದು. ಹೊರಗೆ ತೆಗೆದದ್ದು ಏಳುನೂರರ ಹತ್ತಿರ. ಉಳಿದದ್ದು ನೀರಿನೊಳಗೆ.

ಸರ್ವೆಯವಳು ಬದುವಿನ ಮೇಲೆ ಒದ್ದೆ ಬಟ್ಟೆಯಲ್ಲೇ ಕೂತು ಫೈಲು ತೆಗೆದಳು. ಮೂವತ್ತೊಂಬತ್ತು ಪ್ರಶ್ನೆ ಬಾಕಿ ಇದ್ದವು. ಅವಳು ಕೇಳಿದಳು, ಗಂಡ ಹೆಂಡತಿ ಸುಸ್ತಾದ ದನಿಯಲ್ಲಿ ಹೇಳುತ್ತ ಹೋದರು. ನಡುವೆ ಒಂದು ಪ್ರಶ್ನೆ, "ಅಪಾಯದ ಮುನ್ಸೂಚನೆ ನಿಮಗೆ ಎಲ್ಲಿಂದ ಸಿಗುತ್ತದೆ? ರೇಡಿಯೋ, ಫೋನ್, ಇಲಾಖೆ, ನೆರೆಯವರು?" ಎಂದಿತ್ತು.

"ಮೂರು ದಿನ ಮುಂಚೆಯೇ ಸಿಕ್ಕಿತ್ತು" ಎಂದ ಗಡಿಯಾರದವನು. "ನಾನು ತಗೊಳ್ಲಿಲ್ಲ."

ಹೆಂಡತಿ ಅವನ ಕಡೆ ನೋಡಲಿಲ್ಲ. ಎದ್ದು ಆಸ್ಪತ್ರೆಗೆ ಫೋನು ಮಾಡಿ ಅರ್ಧ ದಿನ ರಜೆ ಹಾಕಿದಳು.

ಹನ್ನೆರಡು ದಿನ ಬಿಟ್ಟು ಲಾರಿ ಬಂತು. ಗುಂಡಿಯಲ್ಲಿ ಜಾಗ ಸಡಿಲವಾಗಿದ್ದುದರಿಂದ ಉಳಿದ ಮೀನುಗಳು ಚೆನ್ನಾಗಿ ಉಂಡು ದಷ್ಟಪುಷ್ಟವಾಗಿದ್ದವು. ಭಾವಮೈದ ಪೆಟ್ಟಿಗೆಗೆ ಐಸ್ ಸುರಿಯುತ್ತ, "ನೋಡಿದ್ರಾ ಭಾವ? ಹದಿನೈದು ದಿನ ತಡೀರಿ, ತೂಕ ಬರುತ್ತೆ ಅಂದಿದ್ನಲ್ಲ" ಎಂದ. ಅಕ್ಕ ಕೈಯಲ್ಲಿದ್ದ ಮೀನನ್ನು ಅವನ ಕಡೆ ಎತ್ತಿದಳು. ಅವನು ಲಾರಿಯ ಆಚೆ ಬದಿಗೆ ಹೋದ.

ಲಾರಿ ಹೋಗಿ ನಾಲ್ಕು ದಿನಕ್ಕೆ ಗಂಡ ಹೆಂಡತಿ ನೀರು ಬಸಿದ ಖಾಲಿ ಗುಂಡಿಯ ಅಂಚಿನಲ್ಲಿ ನಿಂತರು. ತಳದ ಕೆಸರು ಬಿಸಿಲಿಗೆ ಬಿರಿಯತೊಡಗಿತ್ತು.

"ನಾನು ಬಿಟ್ಬಿಡ್ತೀನಿ ಕಣೇ" ಎಂದ ಗಡಿಯಾರದವನು. "ನನ್ ಕೈಯಲ್ಲಿ ಆಗಲ್ಲ. ಅಂಗಡಿಲಿ ಕೂತು ಸೆಲ್ ಹಾಕ್ಕೊಂಡಿರ್ತೀನಿ. ನೀನು ಮೊದಲ ದಿನಾನೇ ಹೇಳಿದ್ದೆ, ಬೇಡ ಅಂತ."

ಮೂರು ವರ್ಷದಿಂದ ಈ ಮಾತಿಗಾಗಿಯೇ ಕಾದಿದ್ದ ಹೆಂಡತಿಗೆ ಅದನ್ನು ಕೇಳಿ ಮೈಯೆಲ್ಲ ಉರಿಯಿತು.

"ಈಗ ಬಿಡ್ತೀರಾ? ಹೆಂಗ್ರೀ ಬಿಡ್ತೀರಾ? ಮೂರು ವರ್ಷ ನನ್ ತಲೆ ತಿಂದು, ಹಕ್ಕಿ, ಏಡಿ, ನಲ್ಲಿ, ಮೋಡ ಎಲ್ಲಾ ಅನುಭವಿಸಿ, ಯಾವುದ್ಯಾವುದಕ್ಕೆ ಸಾಯ್ತವೆ ಅಂತ ಒಂದೊಂದಾಗಿ ಕಲ್ತು, ಈಗ ಸ್ವಲ್ಪ ಗೊತ್ತಾಯ್ತು ಅನ್ನೋ ಹೊತ್ತಿಗೆ ಬಿಡ್ತೀರಾ? ಮೊದಲ ವರ್ಷ ಬಿಟ್ಟಿದ್ರೆ ನಾನು ಸಿಹಿ ಹಂಚ್ತಿದ್ದೆ!"

"ಇನ್ನೂ ಬೇರೆ ಯಾವುದಕ್ಕಾದ್ರೂ ಸಾಯಬಹುದು."

"ಸಾಯ್ತವೆ. ಅದನ್ನೂ ನೋಡೋಣ."

ಅವನು ಅವಳನ್ನೇ ನೋಡಿದ. ಅವಳು ಬೇಲಿ ಕಡೆ ಹೊರಟಿದ್ದಳು. "ಎಂಟುನೂರು ಮರಿ. ಅದಕ್ಕಿಂತ ಒಂದು ಜಾಸ್ತಿ ಇಲ್ಲ. ಮೋಡ ಬಂದ ದಿನ ಊಟ ಬಂದ್. ಬೆಳಗಿನ ಗುಂಡಿ ನನ್ನದು, ನಾನು ಹೇಳಿದ್ದಕ್ಕೆ ಅಳತೆ ಕೇಳ್ಬಾರ್ದು. ಮಧ್ಯಾಹ್ನ ನಿಮ್ಮಿಷ್ಟ" ಎಂದು ಬೆನ್ನು ತಿರುಗಿಸಿಕೊಂಡೇ ಹೇಳಿದಳು.

ಮಾರನೆಯ ವಾರ ಅವಳು ಲಾಂಡ್ರಿಯ ಮೇಲ್ವಿಚಾರಕಿಯ ಕೋಣೆಗೆ ಹೋದಳು. ಹಬೆಗೆ ಉಬ್ಬಿದ ಬಾಗಿಲನ್ನು ಎರಡು ಸಲ ತಳ್ಳಿಯೇ ತೆಗೆಯಬೇಕು. ಒಂಬತ್ತರ ಪಾಳಿ ಬಿಟ್ಟು ಹನ್ನೊಂದರ ಪಾಳಿ ಬೇಕೆಂದು ಅರ್ಜಿ ಕೊಟ್ಟಳು.

"ಇಷ್ಟು ವರ್ಷ ಒಂಬತ್ತಕ್ಕೆ ಬಂದೋಳು, ಈಗ ಏನಾಯ್ತು? ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಹುಷಾರಾಗೇ ಇದಾರೆ ಮೇಡಂ. ಆದ್ರೆ ಮುಂದಿನ ತಿಂಗಳಿಂದ ಎಂಟುನೂರು ಜನ ಇರ್ತಾರೆ. ಬೆಳಗ್ಗೆ ಎಲ್ರನ್ನೂ ವಿಚಾರಿಸ್ಕೊಂಡು ಬರೋಕೆ ಸ್ವಲ್ಪ ಹೊತ್ತಾಗುತ್ತೆ."

ಮೇಲ್ವಿಚಾರಕಿ ಕನ್ನಡಕದ ಮೇಲಿನಿಂದ ಅವಳನ್ನು ಒಮ್ಮೆ ನೋಡಿ, ಸಹಿ ಹಾಕಿದಳು.